ಬಾಗಿಲಿಗಿಂತ ಅಗಲ

ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡನ ಉಗುರಿನ ಸಂದಿಯಲ್ಲೆಲ್ಲ ಗ್ರೀಸು.

"ಈಗೇನು ತಗೋತೀರ?"

"ಹೆಡ್‌ಲೈಟ್ ಬಲ್ಬು ಕಣೇ. ಅದೊಂದು ಹಾಕಿದ್ರೆ ಹಳೇ ಟ್ರ್ಯಾಕ್ಟರ್ ಹೊಸದಾದ ಹಾಗೇ."

"ಇದ್ದಬದ್ದ ಭಾನುವಾರ ಎಲ್ಲ ಅದರ ಹೊಟ್ಟೆಗೇ ಹೋಯ್ತು. ಅದು ಹೊರಗೆ ಬರೋದು ಯಾವಾಗ?"

ಗಂಡ ಉಗುರಿನ ಗ್ರೀಸು ಕೆರೆಯತೊಡಗಿದ.

"ಹೇಳ್ರೀ. ಚಕ್ರ ಬಿಚ್ಚಿ, ಇಟ್ಟಿಗೆ ಮೇಲೆ ನಿಲ್ಲಿಸಿ, ಸುತ್ತ ಶೆಡ್ಡು ಕಟ್ಟಿದೋರು ಯಾರು?"

"ಮಳೇಲಿ ನೆನೀಬಾರದು ಅಂತ..."

"ಚಕ್ರ ಹಾಕಿದ್ಮೇಲೆ ಬಾಗಿಲಲ್ಲಿ ಹಿಡಿಸಲ್ಲ ಅಂತ ಹೊಳೀಲೇ ಇಲ್ವಾ?"

"ಮರೆತುಹೋಯ್ತು. ಆದ್ರೂ ಇಂಜಿನ್ನು ಶುರುವಾಗುತ್ತಲ್ಲ!"

"ಆಗುತ್ತೆ. ಒಳಗೇ ಕೂತು ಕೆಮ್ಮುತ್ತೆ, ಹೊಗೆ ಉಗುಳುತ್ತೆ. ಥೇಟ್ ನಿಮ್ಮಪ್ಪನ ಹಾಗೆ."

"ಮುಂದಿನ ಭಾನುವಾರ ಗೋಡೆ ಒಡೀತೀನಿ."

"ಹೋದ ವರ್ಷಾನೂ ಇದೇ ರಾಗ. ಆ ಗೋಡೆ ನೋಡೋಕೆ ಲೈಟು ಬೇರೆ ಕೇಡು!"

ಅಂಗಡಿಯವನು ಬಲ್ಬು ಮುಂದೆ ಹಿಡಿದ. ಗಂಡ ಕೈಚಾಚುವಷ್ಟರಲ್ಲಿ ಹೆಂಡತಿಯೇ ಅದನ್ನು ಕಿತ್ತುಕೊಂಡು ಚೀಲಕ್ಕೆ ಹಾಕಿದಳು.

"ನಿಮ್ಮ ಕೈಗೆ ಕೊಟ್ರೆ ಒಡೆದು ಹಾಕ್ತೀರ. ಒಡೀಬೇಕಾದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲ ಒಡೀತೀರಲ್ಲ!"

ಅವಳು ಮುಂದೆ ನಡೆದಳು. ಅವನು ಚೀಲವನ್ನೇ ನೋಡುತ್ತ ಹಿಂದೆ ಹೋದ.