ತಿಳಿಗೊಳದ ಅತ್ತಿಗೆ

ಪಾಳಿ ಮುಗಿದಿದ್ದರೂ ಯಾರಿಗೂ ಮನೆಗೆ ಹೊರಡಲಾಗಲಿಲ್ಲ. ಊರಿನ ಕೊಳಚೆ ನೀರನ್ನು ಶುದ್ಧಮಾಡಿ ಹೊಳೆಗೆ ಬಿಡುವ ಆ ಘಟಕದ ತಗಡಿನ ಮಾಡಿನ ಮೇಲೆ ಮಳೆ ಕಲ್ಲು ಸುರಿದ ಹಾಗೆ ಬೀಳುತ್ತಿತ್ತು. ಕರೆಂಟು ಬೇರೆ ಕೈಕೊಟ್ಟಿತ್ತು. ಕೆಲಸಗಾರರೆಲ್ಲ ಪಂಪಿನ ಕೋಣೆಯಲ್ಲಿ ಸಿಕ್ಕ ಸಿಕ್ಕಲ್ಲಿ ಕೂತರು. ನೀರು ಪರೀಕ್ಷಿಸುತ್ತಲೇ ಕೂದಲು ನರೆಸಿಕೊಂಡು, ನಿವೃತ್ತಿಯಾದ ಮೇಲೂ ದಿನಾ ಬರುತ್ತಿದ್ದ ಲ್ಯಾಬಜ್ಜಿ ಶಾಲು ಬಿಗಿಯಾಗಿ ಹೊದ್ದು, ಯಾರೂ ಕೇಳದೆಯೇ ಶುರುಮಾಡಿದಳು.

"ನಮ್ಮಣ್ಣ ಇಲ್ಲಿ ಮೊದಲನೇ ಆಪರೇಟರ್, ಗೊತ್ತಲ್ಲ? ಅತ್ತಿಗೆ ಹೊಳೇಲಿ ಮೀನಿನ ಥರ ಈಜೋಳು. ಅಣ್ಣನಿಗೋ, ಮೊಣಕಾಲಿಗೆ ನೀರು ಬಂದ್ರೆ ಜೀವ ಬಾಯಿಗೆ ಬರೋದು! ದಡದಲ್ಲಿ ಟವೆಲ್ ಹಿಡ್ಕೊಂಡು ನಿಂತು 'ಸಾಕು ಬಾರೇ' ಅಂತ ಇವನು ಕೂಗೋನು, 'ಇನ್ನೊಂದು ಸುತ್ತು ರೀ' ಅಂತ ಅವಳು ಮುಳುಗೋಳು... ಆಗ ಈ ಘಟಕ ಎಲ್ಲಿತ್ತು? ಊರಿನ ಚರಂಡಿಯೆಲ್ಲ ಸೀದಾ ಹೊಳೆಗೇ. ನೀರು ಕಪ್ಪಾದ್ರೂ ಅವಳು ಈಜೋದು ಬಿಡಲಿಲ್ಲ. ಜ್ವರ ಹಿಡೀತು, ಮಲಗಿದೋಳು ಏಳಲೇ ಇಲ್ಲ. ಕೊನೇಲಿ ಅಣ್ಣನ ಕೈ ಹಿಡ್ಕೊಂಡು, 'ನೀರು ತಿಳಿಯಾದಾಗ ಕರೀರಿ, ಬರ್ತೀನಿ' ಅಂದ್ಲು. ಸಾಯೋರು ಏನೇನೋ ಅಂತಾರೆ, ಅಲ್ವಾ?

ಅಣ್ಣ ಮಾತ್ರ ಅದನ್ನೇ ನಂಬ್ಕೊಂಡ. ಘಟಕ ಕಟ್ಟಿದಾಗ ಕಾಡಿ ಬೇಡಿ ಸೇರಿದ. ಗಬ್ಬು ನೀರು ಈ ತುದೀಲಿ ಬಂದು, ಗಾಳಿ ಕುಡ್ಕೊಂಡು, ಕೆಸರು ಇಳಿಸ್ಕೊಂಡು, ಆ ತುದೀಲಿರೋ ತಿಳಿಗೊಳಕ್ಕೆ ಹೋಗೋ ಹೊತ್ತಿಗೆ ತಳ ಕಾಣ್ಬೇಕು, ಇಲ್ಲಾಂದ್ರೆ ಅವನಿಗೆ ಊಟ ಸೇರ್ತಿರಲಿಲ್ಲ. ಒಂದು ಸಂಜೆ ತಳ ಕಂಡಿತು. ಬಗ್ಗಿ ಅವಳ ಹೆಸರು ಕರೆದ... ಬಂದ್ಲು ಕಣ್ರೋ! ನೀರೊಳಗೆ ಕೂದಲು ಹರಡ್ಕೊಂಡು, ಹಾಗೇ ನಗ್ತಾ. ಆಮೇಲೆ ದಿನಾ ಸಂಜೆ ಅವನು ಕಟ್ಟೆ ಮೇಲೆ ಕೂತು ಊರಿನ ಸುದ್ದಿಯೆಲ್ಲ ಹೇಳೋನು, ಅವಳು ಕೇಳೋಳು.

ಹೀಗಿರುವಾಗ, ಇಂಥದೇ ಒಂದು ಮಳೇಲಿ ಪಂಪು ನಿಂತುಹೋಯ್ತು. ಕೊಳಚೆ ಉಕ್ಕಿ ಬಂತು. ಒಂದೋ ಹೊಳೆಗೆ ಬಿಡ್ಬೇಕು, ಇಲ್ಲಾ ಆ ಕೊಳಕ್ಕೆ ತಿರುಗಿಸಿ ತಡೀಬೇಕು. ಕೆಳಗಿನ ಊರೋರು ಕುಡಿಯೋದು ಅದೇ ಹೊಳೆ ನೀರು. ಕೊಳಕ್ಕೆ ಬಿಟ್ರೆ... ಅವಳು? ಅಣ್ಣ ಮಗು ಥರ ಅತ್ತ. 'ಏನೇ ಮಾಡ್ಲಿ?' ಅಂದ. 'ನನಗಾದದ್ದು ಇನ್ಯಾರಿಗೂ ಬೇಡ ರೀ. ತಿರುಗಿಸಿ' ಅಂದ್ಲು. ತಿರುಗಿಸಿದ. ಕಪ್ಪು ನೀರು ಅವಳ ಮುಖದ ಮೇಲೇ ಹರೀತು.

ಹೊಳೆ ಉಳೀತು. ಅಣ್ಣ ಕೊಳ ತೊಳೆದ, ಮತ್ತೆ ತಿಳಿ ಮಾಡಿದ, ಕರೆದ. ಬರಲಿಲ್ಲ. ಕರೆದೂ ಕರೆದೂ ಗಂಟಲು ಬಿದ್ದುಹೋಯ್ತು, ಮುದುಕನಾದ, ಕೊನೆಗೆ ಈ ಕೋಣೇಲೇ ಕೂತಲ್ಲೇ ಕಣ್ಣು ಮುಚ್ಚಿದ. ಹೋದ ಅಂತೀರಾ? ಮೆಷಿನ್ನು ನಿಂತಾಗಲೆಲ್ಲ ಇಲ್ಲೊಂದು ನಿಟ್ಟುಸಿರು ಕೇಳಿಸುತ್ತಲ್ಲ, ಗಾಳೀದು ಅಂದ್ಕೊಂಡಿದ್ದೀರಾ?"

ಲ್ಯಾಬಜ್ಜಿಯ ದನಿ ತಗ್ಗಿತು.

"ನಿನ್ನೆ ಸಂಜೆ ಪರೀಕ್ಷೆಗೆ ನೀರು ತರೋಕೆ ಕೊಳದ ಹತ್ರ ಹೋಗಿದ್ದೆ. ಬಗ್ಗಿದೆ... ಅತ್ತಿಗೆ! ಅದೇ ವಯಸ್ಸು, ಅದೇ ನಗು. 'ನಿಮ್ಮಣ್ಣ ಎಲ್ಲೇ? ಯಾಕೆ ಕರೀತಿಲ್ಲ?' ಅಂದ್ಲು. ಅದನ್ನ ಅವನ ಕಿವಿಗೆ ಹಾಕೋಕೇ ಇಷ್ಟು ಹೊತ್ತು ಕತೆ ಹೇಳಿದ್ದು... ನಿಮಗೆ ಅಲ್ಲ."

ಅವಳು ಎಲ್ಲರ ತಲೆಗಳಾಚೆ, ಕತ್ತಲು ಕವಿದ ಮೂಲೆಯತ್ತ ನೋಡಿ ಮೆಲ್ಲಗೆ ನಕ್ಕಳು.

"ಬಾಗಿಲ ಹತ್ರ ಕೂತೋರು ಸ್ವಲ್ಪ ಸರ್ಕೊಳ್ರಪ್ಪ... ಅಣ್ಣ ಎದ್ದ."