ದೀಕ್ಷಿತಾಳ ಕಾರ್ಡ್ ಯಾಕೆ ಬರ್ತಿಲ್ಲ

...ಅಲ್ಲ ಅಕ್ಕ, ಪ್ರಿಂಟರ್‌ದು ಎಂತ ತಪ್ಪಿಲ್ಲ. ಪಾಪ, ಅದನ್ನ ಯಾಕೆ ತಟ್ತೀಯಾ? ಬೇರೆ ಎಲ್ಲ ಮನೆಯವರ ಕಾರ್ಡೂ ಬಂತಲ್ಲ! ನಮ್ಮ ಮನೆ ಟೀಮಿನವರದ್ದೂ ಬಂತು. ನಿನ್ನ ಮಗಳದ್ದೊಂದು... ದೀಕ್ಷಿತಾಳದ್ದೊಂದೇ ಬರ್ತಿಲ್ಲ. ಕೂತ್ಕೋ ನೀನು. ಶಾಮಿಯಾನದ ಕೆಳಗೂ ಎಂತ ಸೆಕೆ ಮಾರಾಯ್ತಿ ಈ ಕುಶಾಲನಗರದಲ್ಲಿ! ಕೂತ್ಕೋ. ತೀರ್ಥಪ್ರಸಾದನಿಗೆ ಕಂಪ್ಯೂಟರ್ ಬರ್ತದೆ ಅಂತ ಕಮಿಟಿಯವರು ಸುಮ್ಮನೆ ಈ ಕೆಲಸ ನನ್ನ ತಲೆಗೆ ಕಟ್ಟಿದ್ದಾ? ನೋಡ್ತೇನೆ.

ಎಂತ ಆಗಿದೆ ಹೇಳ್ತೇನೆ ಕೇಳು. ಕಾರ್ಡ್ ಬರುವ ಈ ರಿಪೋರ್ಟ್ ಉಂಟಲ್ಲ, ಅದು ತಾನಾಗಿ ಹೋಗಿ ಹೆಸರು ಹುಡುಕೋದಿಲ್ಲ. ನನ್ನ ಪ್ರೋಗ್ರಾಂ ಒಂದು ಆಬ್ಜೆಕ್ಟ್, ಅಂದ್ರೆ ವಿವರದ ಒಂದು ಕಟ್ಟು, ಮಾಡಿ ಅದರ ಕೈಗೆ ಕೊಡಬೇಕು. 'ಮನೆ' ಅಂತ ಒಂದು ಆಬ್ಜೆಕ್ಟ್, ಅದರೊಳಗೆ ಆ ಮನೆಯ ಆಟಗಾರರು. ಕೊಟ್ಟಷ್ಟನ್ನ ಅದು ಪ್ರಿಂಟ್ ಮಾಡ್ತದೆ, ಕೊಡದಿದ್ರೆ... ಯಾಕೆ ನಗ್ತೀಯಾ? ಮನೆ ಅಂತ ಹೆಸರಿಟ್ಟದ್ದಕ್ಕಾ? ಇನ್ನೆಂತ ಇಡ್ಬೇಕಿತ್ತು! ಮನೆಮನೆಯವರ ನಡುವಿನ ಆಟ ಅಲ್ವಾ ಇದು? ಮನೆ ಹೆಸರು ಇಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಅಂಪೈರ್ ಕೋರ್ಟಿನ ಒಳಗೆ ಬಿಡೋದಿಲ್ಲ.

ಗೊತ್ತುಂಟು, ಗೊತ್ತುಂಟು. ಮಧ್ಯಾಹ್ನ ಊಟ ಆದ ಕೂಡಲೇ ಹುಡುಗಿಯರ ಥ್ರೋಬಾಲ್. ನೋಡು, ಆಚೆ ಹೇಗೆ ಎಸೀತಾ ಇದ್ದಾಳೆ! ಜರ್ಸಿ ಹಾಕ್ಕೊಂಡೇ ಬಂದಿದ್ದಾಳೆ, ಬೆನ್ನ ಮೇಲೆ ನಮ್ಮ ಮನೆ ಹೆಸರು... ಎಷ್ಟು ಖುಷಿ ಅವಳಿಗೆ.

ತಡಿ. ಬಹುಶಃ ಹಳೇದನ್ನೇ ಹಿಡ್ಕೊಂಡು ಕೂತಿದೆ. ಹೀಗೆ ಆಗ್ತದೆ ಅಕ್ಕ. ನಾವು ಇಲ್ಲಿ ಕ್ಲಾಸ್, ಅಂದ್ರೆ ಆ ಕಟ್ಟಿನ ನಮೂನೆ, ಬದಲಾಯಿಸಿದ್ರೂ ರಿಪೋರ್ಟಿಗೆ ಅದು ಗೊತ್ತಾಗೋದೇ ಇಲ್ಲ, ಮತ್ತೆ ಬಿಲ್ಡ್ ಮಾಡಬೇಕು. ಮಾಡಿದೆ. ಮುಚ್ಚಿ ತೆಗೆದೆ... ಉಹುಂ. ಹಾಗಾದ್ರೆ ಫೀಲ್ಡಿನ ಹೆಸರಲ್ಲಿ ಎಂತದೋ ತಪ್ಪಿರಬೇಕು. ಒಂದಕ್ಷರ ಆಚೀಚೆ ಆದ್ರೂ ಖಾಲಿ ಖಾಲಿ ಬರ್ತದೆ ಇದು... ಅದೂ ಸರಿ ಇದೆ. ಥತ್! ನೀನು ನನ್ನ ಮುಖವನ್ನೇ ನೋಡ್ತಾ ಇದ್ರೆ ನನಗೆ ಕೈ ಓಡೋದಿಲ್ಲ. ಸ್ಕ್ರೀನ್ ನೋಡು. ಬೇಡ ಬೇಡ, ಸ್ಕ್ರೀನೂ ಬೇಡ. ಕಾಫಿ ಕುಡಿ, ಆರ್ತಾ ಉಂಟು.

ಒಂದು ಕೆಲಸ ಮಾಡುವ. ಪ್ರೋಗ್ರಾಂ ಬದಿಗಿಟ್ಟು, ಪರೀಕ್ಷೆಗೆ ಅಂತ ನಾನೇ ಕೈಯಾರೆ ಒಂದು ಆಬ್ಜೆಕ್ಟ್ ಮಾಡಿ ಕೊಡ್ತೇನೆ. ದೀ...ಕ್ಷಿ...ತಾ. ಮನೆ ಹೆಸರು ನಮ್ಮದು. ಕೊಟ್ಟೆ. ಈಗ ನೋಡುವ... ಬಂತು! ಅಕ್ಕ, ಬಂತು ನೋಡು, ಎಷ್ಟು ಚಂದ ಬಂತು! ರಿಪೋರ್ಟಲ್ಲಿ ಎಂತ ದೋಷವೂ ಇಲ್ಲ, ನಾನು ಹೇಳಲಿಲ್ವಾ...

ಅಲ್ಲ... ಅಂದ್ರೆ... ಹಾಗಲ್ಲ. ಇದು ಬರೀ ಪರೀಕ್ಷೆ, ಇದಕ್ಕೆ ನಂಬರಿಲ್ಲ, ಅಂಪೈರ್ ಒಪ್ಪೋದಿಲ್ಲ. ನಡುವೆ ಎಲ್ಲೋ ಬಿಟ್ಟುಹೋಗ್ತಿದೆ. ಎಲ್ಲಿ ಅಂತ ನಾನು... ಯಾಕೆ ಬೆರಳಿಡ್ತೀಯಾ ಅಲ್ಲಿ? ಅದು ಎಂತದೂ ಅಲ್ಲ. ಪ್ರೋಗ್ರಾಮಿನ ಒಂದು ಹಳೇ ಸಾಲು. 'ತಂದೆಯ ಮನೆ ಹೆಸರು ಖಾಲಿ ಇದ್ರೆ ಬಿಡು' ಅಂತ... ಯಾರೋ ಯಾವಾಗಲೋ ಬರೆದದ್ದು.

ಹಾಗೆ ನೋಡ್ಬೇಡ. ಹೌದು, ನಾನಲ್ಲದೆ ಇನ್ಯಾರೂ ಇದನ್ನ ಮುಟ್ಟಿಲ್ಲ, ಒಪ್ಕೊಂಡೆ. ಆದ್ರೆ ನಾನಾಗಿ ಬರೆದದ್ದಲ್ಲ. ಕಮಿಟಿ! ಕಮಿಟಿಯವರು ಹೇಳಿದ್ದು. ದೊಡ್ಡಪ್ಪ ಹೇಳಿದ್ದು... ಎಲ್ಲಿಗೆ ಎದ್ದೆ? ಬೇಡ ಅಕ್ಕ, ದೊಡ್ಡಪ್ಪನನ್ನ ಕರೀಬೇಡ! ಆಚೆ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಾರೆ, ಕೂತ್ಕೊಳ್ಳಲಿ. ಸರಿ, ಅವರು ಹೇಳಲಿಲ್ಲ. ಮೀಟಿಂಗಲ್ಲಿ ಎದ್ದು ನಿಂತು 'ಕವನಾಳ ಮಗಳು ಈ ಮನೆ ಮಗಳೇ, ಇಲ್ಲೇ ಆಡ್ಬೇಕು' ಅಂದದ್ದೇ ಅವರು. ನಾನೂ ಅಲ್ಲೇ ಕೂತಿದ್ದೆ. ಚಪ್ಪಾಳೆ ತಟ್ಟಿದೆ.

ಕೂತ್ಕೋ ಅಕ್ಕ. ದಮ್ಮಯ್ಯ, ಕೂತ್ಕೋ.

ಪೊನ್ನಂಪೇಟೆಯವರು ಮ್ಯಾಚ್ ನೋಡ್ಲಿಕ್ಕೆ ಬರ್ತಾರೆ. ವಿನುತಾ, ಅವಳ ಅಪ್ಪ, ಅತ್ತೆ, ಎಲ್ಲ. ಹುಡುಗಿಗೆ ನಾನು ಒಪ್ಪಿಗೆ ಅಂತ ನಿನಗೇ ಮೊದಲು ಹೇಳಿದ್ದಲ್ವಾ ನಾನು? ಮೊನ್ನೆ ಅವರ ಮನೆಗೆ ಹೋಗಿದ್ದಾಗ ಅವಳ ಅಪ್ಪ ಕೇಳಿದ್ರು, ಅಕ್ಕನನ್ನ ಎಲ್ಲಿಗೆ ಕೊಟ್ಟದ್ದು ಅಂತ. ಅಷ್ಟೇ ಕೇಳಿದ್ದು. ನಾನು... ಮೈಸೂರಿಗೆ ಅಂದುಬಿಟ್ಟೆ. ಬಾಯಿಗೆ ಬಂತು, ಅಂದೆ. ಇಲ್ಲಿ ಮೈಕಲ್ಲಿ ಒಬ್ಬೊಬ್ಬರ ಹೆಸರೂ ಕೂಗ್ತಾರೆ, ಮನೆ ಹೆಸರು, ತಂದೆ ಹೆಸರು ಎಲ್ಲ ಸೇರಿಸಿ. ಅಭಿಲಾಷ್ ಭಾವನ ಹೆಸರು ಬಂದ್ರೆ ಯಾರಾದ್ರೂ ಹೇಳೇ ಹೇಳ್ತಾರೆ, ತಿತಿಮತಿಯ ಎಸ್ಟೇಟಿನ ಕೂಲಿ ಲೈನಲ್ಲಿ ಹುಟ್ಟಿದವನು, ಮನೆ ಹೆಸರಿಲ್ಲದವನು, ನಮ್ಮವನಲ್ಲ ಅಂತ. ಭಾವನ ಮೇಲೆ ನನಗೆ ಎಂತದೂ ಇಲ್ಲ ಅಕ್ಕ! ನನಗೆ ಬೈಕ್ ಕಲಿಸಿದ್ದು ಅವರೇ. ನಿನ್ನ ಮದುವೆಗೆ ಅಪ್ಪ ಬಾರದಿದ್ದಾಗ ನಾನೊಬ್ಬನೇ ಬರಲಿಲ್ವಾ? ಅದನ್ನಾದ್ರೂ ನೆನಪು ಮಾಡ್ಕೋ.

ಇದೊಂದು ದಿನ. ಇವತ್ತು ಒಂದು ದಿನ ದೀಕ್ಷಿ ಹೊರಗೆ ಕೂತ್ರೆ ಸಾಕು ಅಂತ ಅಂದ್ಕೊಂಡೆ. ಕಂಪ್ಯೂಟರ್ ಹಾಳಾಯ್ತು ಅಂದ್ರೆ ಮಕ್ಕಳು ಬೇಗ ನಂಬ್ತಾರೆ, ನಾಲ್ಕು ಕಣ್ಣೀರು ಹಾಕಿ ಮರೀತಾಳೆ ಅಂತ... ಬೈಯಿ. ಎಲ್ಲರೆದುರು ಎರಡು ಬಿಟ್ರೂ ಸರಿ. ಈ ಸಾಲು ತೆಗೀಲಿಕ್ಕೆ ಒಂದು ನಿಮಿಷ ಸಾಕು ನನಗೆ. ತೆಗೀತೇನೆ. ವಿನುತಾಳಿಗೆ ಒಂದು ಫೋನ್ ಮಾಡಿ... ಮೊದಲು ಅವಳಿಗೆ ಹೇಳಿ, ಆಮೇಲೆ...

ಯಾರನ್ನ ಕೈ ಬೀಸಿ ಕರೀತೀಯಾ? ದೀಕ್ಷಿ ಯಾಕೆ ಈಗ? ನೀನೇ ಹೇಳು ಅವಳಿಗೆ, ಏನಾದ್ರೂ ಹೇಳು, ನನ್ನಿಂದ ಆಗೋದಿಲ್ಲ. ಅಕ್ಕ, ಎಲ್ಲಿಗೆ ಹೊರಟೆ? ಅಕ್ಕಾ...

ಬಾ ದೀಕ್ಷಿ. ಅಮ್ಮ ಅಲ್ಲೇ ಇದ್ದಾಳೆ, ಈಗ ಬರ್ತಾಳೆ. ಕೂತ್ಕೋ. ನೀರು ಕುಡಿ, ಎಷ್ಟು ಬೆವರಿದ್ದೀಯಾ... ಕಾರ್ಡಾ?

ಇಲ್ಲ ಮಗಾ. ಕಂಪ್ಯೂಟರ್ ಸರಿಯಾಗೇ ಉಂಟು.