ಅಳಿಸಿಹೋದ ಹನ್ನೊಂದು ಮಂದಿ

ಆಸ್ಪತ್ರೆಯ ಔಷಧಿ ಕ್ಯೂನಲ್ಲಿ, ಸರದಿಗೆ ಕಾಯುತ್ತಿದ್ದ ಬಡಗಿಯೊಬ್ಬನ ಮುಂದೆಯೇ ಅಕ್ಕತಂಗಿಯರ ಜಗಳ ಹತ್ತಿತ್ತು. ಅಕ್ಕ ನರ್ಸ್, ತಂಗಿ ವೈದ್ಯಕೀಯ ಅಂಕಿಅಂಶದ ಪಾಠ ಕಲಿಯುತ್ತಿದ್ದವಳು.

“ಬಿಪಿಯ ಹೊಸ ಮಾತ್ರೆ ಕೊಟ್ಟಿದ್ದು ನಲವತ್ತು ಜನಕ್ಕೆ. ನೀನು ಇಪ್ಪತ್ತೊಂಬತ್ತೇ ಜನರ ಸರಾಸರಿ ತೆಗೆದಿದ್ದೀಯಲ್ಲೇ!”

“ಹನ್ನೊಂದು ಜನ ಕೊನೇ ತಪಾಸಣೆಗೆ ಬರಲೇ ಇಲ್ಲ ಕಣಕ್ಕಾ. ಅವರನ್ನ ಅಳಿಸಿಬಿಟ್ಟೆ. ಬಿಪಿ ಇಳಿದ ಲೆಕ್ಕ ಎಷ್ಟು ಚೆನ್ನಾಗಿ ಬಂತು ಗೊತ್ತಾ!”

“ಬರದೆ ಇನ್ನೇನು! ಮಾತ್ರೆ ಒಗ್ಗಿದವರನ್ನಷ್ಟೇ ಉಳಿಸ್ಕೊಂಡಿದ್ದೀಯ. ಮಿಕ್ಕವರು ಯಾಕೆ ಬರಲಿಲ್ಲ ಅಂತ ವಿಚಾರಿಸಿದ್ಯಾ?”

“ಅದೂ ನನ್ನ ಕೆಲಸಾನಾ?”

“ಇಲ್ಲ, ನಮ್ಮಜ್ಜಿ ಬಂದು ಮಾಡ್ತಾಳೆ! ತಲೆ ಸುತ್ತಿ ಬಿದ್ದಿರಬಹುದು, ಸತ್ತೇ ಹೋಗಿರಬಹುದು. ನಡಿ, ಹನ್ನೊಂದು ಜನಕ್ಕೂ ಈಗಲೇ ಫೋನ್ ಮಾಡು!”

ಅಕ್ಕ ತಂಗಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಅಂಥದೇ ಹೊಸ ಮಾತ್ರೆ ನುಂಗಿ, ತಲೆ ಸುತ್ತಿ ಏಣಿಯಿಂದ ಬಿದ್ದು, ತಪಾಸಣೆಯನ್ನೇ ಬಿಟ್ಟಿದ್ದ ಬಡಗಿ, ತನಗೂ ಕರೆ ಬರಬಹುದೆಂದು ಜೇಬಿನ ಫೋನನ್ನು ಕೈಗೆ ತೆಗೆದುಕೊಂಡ.